ಗಣಿತಜ್ಞ ಭಾಸ್ಕರಾಚಾರ್ಯ ಮತ್ತು ಸೊನ್ನೆಯ ಸಮಸ್ಯೆ

ಭಾರತದ ಗಣಿತಜ್ಞರಲ್ಲಿ ಎರಡನೇ ಭಾಸ್ಕರಾಚಾರ್ಯರ ಹೆಸರು ಅಗ್ರಗಣ್ಯವಾದುದು. ಅವರು ಜನಿಸಿದ್ದು ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಅವರಿಗೆ ಗುರುಗಳು. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ತಮ್ಮ ಊರೆಂದು ಅವರು ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಹಲವು ವಿದ್ವಾಂಸರು, ಮಹಾರಾಷ್ಟ್ರದ ಪಾಟಣದ ಬಳಿಯ ಊರೆಂದು ಇನ್ನು ಕೆಲವರು ಅಭಿಪ್ರಾಯಪಡುತ್ತಾರೆ.

1150ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ ಅವರು 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ ಇದರ ನಾಲ್ಕು ಭಾಗಗಳು. ಎರಡು ಕೋನಗಳ ಮೊತ್ತದ ಸೈನ್ ಕಂಡುಹಿಡಿಯುವ ಸೂತ್ರವನ್ನೂ ಅವರು ಕೊಟ್ಟರು.

ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆ? 9ನೇ ಶತಮಾನದಲ್ಲಿ ಕರ್ನಾಟಕದ ಮಹಾವೀರಾಚಾರ್ಯರು ಆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದಿದ್ದರು. ಭಾಸ್ಕರರು ಇದನ್ನು ಒಪ್ಪಲಿಲ್ಲ. ಆ ಫಲಕ್ಕೆ 'ಖಹರ' ಎಂದು ಹೆಸರಿಟ್ಟು, ಅದು ಅನಂತವಾದುದು, ಏನನ್ನು ಕೂಡಿದರೂ ಕಳೆದರೂ ಬದಲಾಗದು ಎಂದು ತಿಳಿಸಿದರು. ಆದರೆ ಸೊನ್ನೆಯಿಂದ ಗುಣಿಸಿ ಮತ್ತೆ ಸೊನ್ನೆಯಿಂದಲೇ ಭಾಗಿಸಿದರೆ ಮೊದಲ ಸಂಖ್ಯೆ ಮರಳಿ ಬರುತ್ತದೆ ಎಂದೂ ಅವರು ಭಾವಿಸಿದ್ದರು. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ಸೊನ್ನೆಯಿಂದ ಮಾಡುವ ಭಾಗಾಕಾರವನ್ನೇ ಅದು ಅವ್ಯಾಖ್ಯಿತ ಎನ್ನುತ್ತದೆ.

ವಿದ್ಯಾರ್ಥಿಗಳೇ, ಇದೇ ಪ್ರಶ್ನೆ ನಿಮ್ಮ ತ್ರಿಕೋನಮಿತಿಯಲ್ಲೂ ಇದೆ. ಸೈನ್ ಬೆಲೆಯನ್ನು ಕೊಸೈನ್ ಬೆಲೆಯಿಂದ ಭಾಗಿಸಿದರೆ ಟ್ಯಾನ್ ಸಿಗುತ್ತದೆ. 90 ಡಿಗ್ರಿಯಲ್ಲಿ ಕೊಸೈನ್ ಸೊನ್ನೆಯಾಗುವುದರಿಂದ ಅಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ. ಆದರೂ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ ಪೈಯ ಅರ್ಧಕ್ಕೆ, ಅಂದರೆ 90 ಡಿಗ್ರಿಗೆ, ಟ್ಯಾನ್ ಕೇಳಿದರೆ 17 ಅಂಕಿಗಳ ದೊಡ್ಡ ಸಂಖ್ಯೆಯೊಂದು ಬರುತ್ತದೆ. ಪೈಯ ದಶಮಾಂಶಗಳಿಗೆ ಕೊನೆಯಿಲ್ಲ. ಕಂಪ್ಯೂಟರ್ ಅದನ್ನು ಮೊಟಕುಗೊಳಿಸಿ ಇಟ್ಟುಕೊಳ್ಳುವುದರಿಂದ ಕೋನ 90ಕ್ಕಿಂತ ತುಸು ಕಡಿಮೆಯಾಗುತ್ತದೆ. ಯಾವ ಕೋನದ ಸೈನ್ 2 ಎಂದು ಕೇಳಿದರೆ ಮಾತ್ರ ಪೈಥಾನ್ ದೋಷವೆಂದು ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯಲ್ಲ ಎಂಬ ಗುರುತನ್ನು ಕೊಡುತ್ತದೆ. 1985ರ ಅಂತರರಾಷ್ಟ್ರೀಯ ಮಾನದಂಡವು ಅನಂತಕ್ಕೂ ಸಂಖ್ಯೆಯಲ್ಲದ ಫಲಕ್ಕೂ ಇಂಥ ಪ್ರತ್ಯೇಕ ಗುರುತುಗಳನ್ನು ನಿಗದಿಪಡಿಸಿದೆ. ಆದ್ದರಿಂದ ಯಂತ್ರ ಕೊಟ್ಟ ಸಂಖ್ಯೆಯನ್ನೆಲ್ಲ ಉತ್ತರವೆಂದು ನಂಬಬಾರದು.

ಭಾಸ್ಕರರು 1183ರಲ್ಲಿ, ತಮ್ಮ 69ನೇ ವಯಸ್ಸಿನಲ್ಲೂ 'ಕರಣಕುತೂಹಲ' ಎಂಬ ಗ್ರಂಥ ಬರೆದರು. ಅವರ ಗ್ರಂಥಗಳ ಅಧ್ಯಯನಕ್ಕೆಂದೇ ಮೊಮ್ಮಗ ಚಂಗದೇವನು ಮಠವೊಂದನ್ನು ಸ್ಥಾಪಿಸಿದ ವಿಷಯ ಪಾಟಣದ ಶಾಸನದಲ್ಲಿದೆ. ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಫಾರಸಿಗೆ ತಂದರು. ಷಾಜಹಾನನ ಕಾಲದಲ್ಲಿ ಅತಾವುಲ್ಲಾ ರಷೀದಿ ಬೀಜಗಣಿತವನ್ನು ಅದೇ ಭಾಷೆಗೆ ಅನುವಾದಿಸಿದರು. ಹೀಗೆ ಭಾಷೆ, ಮತಗಳ ಗಡಿ ದಾಟಿ ವಿದ್ಯೆ ಬೆಳೆಯಿತು. ಉತ್ತರವಿಲ್ಲದ ಕಡೆ ಏನೋ ಒಂದು ಸಂಖ್ಯೆ ಬರೆಯದೆ, ಏಕೆ ಉತ್ತರವಿಲ್ಲ ಎಂದು ವಿಚಾರಿಸುವ ಗುಣವನ್ನು ನಮ್ಮ ಮಕ್ಕಳು ರೂಢಿಸಿಕೊಳ್ಳಲಿ.