ಬಾಲಚರರ ಗುರು ಬೇಡನ್ ಪೊವೆಲ್

ಕಾಡಿನಿಂದ ದೂರವಿರುವ ನಮ್ಮ ಚೆನ್ನೈ ನಗರದ ಬಾಲಕರಿಗೆ ಕಾಡಿನ ವಿದ್ಯೆ ಏತಕ್ಕೆಂದು ಕೆಲವರು ಕೇಳುವುದುಂಟು. 2015ನೆಯ ಇಸವಿಯ ಡಿಸೆಂಬರಿನಲ್ಲಿ ಅಡ್ಯಾರು ನದಿ ದಡ ಮೀರಿ ಹರಿದಾಗ ಎಷ್ಟೋ ಮನೆಗಳಲ್ಲಿ ದೀಪವಾರಿ, ದೂರವಾಣಿ ಮೂಕವಾಗಿ, ಸುತ್ತಲೂ ನೀರಿದ್ದೂ ಕುಡಿಯಲು ಹನಿ ನೀರಿಲ್ಲದಂತಾದುದನ್ನು ನೆನೆದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಕೆಲವು ದಿನಗಳ ಮಟ್ಟಿಗೆ ಮಹಾನಗರವೇ ಅರಣ್ಯವಾಯಿತು. ಕೈಗೆ ಸಿಕ್ಕಿದ ಅಲ್ಪ ಸಾಧನಗಳಿಂದಲೇ ಆಪತ್ತನ್ನು ಎದುರಿಸುವ ಬಗೆಯನ್ನು ಮಕ್ಕಳಿಗೆ ಕಲಿಸಿದ ರಾಬರ್ಟ್ ಬೇಡನ್ ಪೊವೆಲ್ಲರ ಚರಿತ್ರೆಯನ್ನು ನಾವು ಅರಿಯುವುದು ಆದುದರಿಂದ ಉಚಿತವಾಗಿದೆ. ನಮ್ಮ ಊರಿಗೂ ಅವರಿಗೂ ಇರುವ ಸಂಬಂಧವನ್ನು ಮುಂದೆ ಹೇಳುತ್ತೇವೆ.

ಅವರು 1857ನೆಯ ಇಸವಿ ಫೆಬ್ರವರಿ 22ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೇಖಾಗಣಿತದ ಪ್ರಾಧ್ಯಾಪಕರು. ಮಗನಿಗೆ ಮೂರು ವರ್ಷವಾಗಿದ್ದಾಗಲೇ ಅವರು ತೀರಿಕೊಂಡುದರಿಂದ ಸಂಸಾರದ ಭಾರವೆಲ್ಲ ತಾಯಿ ಹೆನ್ರಿಯೆಟ್ಟಾ ಅವರ ಮೇಲೆ ಬಿತ್ತು. ಬಾಲಕನು ಚಾರ್ಟರ್‌ಹೌಸ್ ಎಂಬ ಶಾಲೆಯಲ್ಲಿ ಓದಿದನು. ಶಾಲೆಯ ಪಕ್ಕದಲ್ಲೊಂದು ದಟ್ಟವಾದ ತೋಪು. ಅಲ್ಲಿಗೆ ಹೋಗಬಾರದೆಂದು ಉಪಾಧ್ಯಾಯರ ಕಟ್ಟಪ್ಪಣೆ. ರಾಬರ್ಟನು ಅದರೊಳಗೆ ನುಸುಳಿ, ಮೊಲಗಳನ್ನು ಹಿಡಿದು, ಚೆನ್ನಾಗಿ ಒಣಗಿದ ಸಣ್ಣ ಕಡ್ಡಿಗಳನ್ನೇ ಆಯ್ದು, ಹೊಗೆ ಮೇಲೇಳದಂತಹ ಪುಟ್ಟ ಬೆಂಕಿಯಲ್ಲಿ ಬೇಯಿಸುತ್ತಿದ್ದನು. ಹೊಗೆ ಕಂಡರೆ ಉಪಾಧ್ಯಾಯರ ಬೆತ್ತ ತಪ್ಪದಲ್ಲವೆ! ಅಪ್ಪಣೆ ಮೀರಿದ ಹುಡುಗನನ್ನು ನಾವು ಶಾಲೆಯ ಸಂಚಿಕೆಯಲ್ಲಿ ಹೊಗಳುವಂತಿಲ್ಲ. ಆದರೂ ಮುಂದೆ ಲಕ್ಷಾಂತರ ಬಾಲಕರು ಕಲಿತ ವಿದ್ಯೆಯ ಮೊದಲ ಪಾಠಗಳು ಆ ತೋಪಿನಲ್ಲಿಯೇ ನಡೆದವೆಂಬುದು ನಿಜ.

1876ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಶ್ವದಳದ ಅಧಿಕಾರಿಯಾಗಿ ಅವರು ಭಾರತಕ್ಕೆ ಬಂದು ಲಖನೌ ನಗರದಲ್ಲಿ ನೆಲೆಸಿದರು. ಹೆಜ್ಜೆಯ ಗುರುತು, ಮುರಿದ ಹುಲ್ಲು, ಹಕ್ಕಿಗಳ ಕಲರವ ಇವುಗಳಿಂದ ಮುಂದೆ ಹೋದವರ ಸುಳಿವನ್ನು ತಿಳಿಯುವ ಕಲೆಯಲ್ಲಿ ಅವರಿಗೆ ಅಪಾರ ಆಸಕ್ತಿ. 1896ರಲ್ಲಿ ಇಂದಿನ ಜಿಂಬಾಬ್ವೆ ದೇಶದ ಮಟೋಪೊ ಬೆಟ್ಟಗಳಲ್ಲಿ ರಾತ್ರಿಯ ಹೊತ್ತು ಒಬ್ಬರೇ ಸಂಚರಿಸುತ್ತ ಈ ಕಲೆಯನ್ನು ಹದಗೊಳಿಸಿಕೊಂಡರು. ಮರುವರ್ಷ ಮೀರತ್ತಿನ ದಂಡಿಗೆ ಮುಖ್ಯಸ್ಥರಾಗಿ ಬಂದಾಗ ಸೈನಿಕರನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿ ಅವರಿಗೂ ಇದನ್ನು ಕಲಿಸಿದರು; ಆ ಪಾಠಗಳನ್ನು 1899ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದರು.

ಅದೇ ವರ್ಷ ಅಕ್ಟೋಬರ್ 13ರಂದು, ದಕ್ಷಿಣ ಆಫ್ರಿಕದ ಮಾಫೆಕಿಂಗ್ ಎಂಬ ಪುಟ್ಟ ಊರಿಗೆ ಬೋಯರರ ಸೇನೆ ಮುತ್ತಿಗೆ ಹಾಕಿತು. ಊರಿನ ರಕ್ಷಣೆಯ ಹೊಣೆ ಬೇಡನ್ ಪೊವೆಲ್ಲರದು. ಶತ್ರುಗಳ ಸಂಖ್ಯೆ ತಮ್ಮವರಿಗಿಂತ ಹಲವು ಪಟ್ಟು ಹೆಚ್ಚು. ಆಗ ಅವರು ಹೂಡಿದ ಉಪಾಯಗಳು ವಿನೋದಕರವಾಗಿವೆ. ಮರಳು ತುಂಬಿದ ಪೆಟ್ಟಿಗೆಗಳನ್ನು ಸಿಡಿಗುಂಡುಗಳೆಂದು ಸಾರಿ ಊರ ಸುತ್ತ ಹೂಳಿಸಿದರು. ಮುಳ್ಳುತಂತಿಯೇ ಇಲ್ಲದ ಕಡೆ ಇರುವಂತೆ ನಟಿಸಿ ಕಾಲೆತ್ತಿ ದಾಟಬೇಕೆಂದು ಸೈನಿಕರಿಗೆ ಆಜ್ಞಾಪಿಸಿದರು. ದೂರದಿಂದ ನೋಡುವ ಶತ್ರುವಿಗೆ ತಂತಿ ಕಾಣದಿದ್ದರೂ ಕಾಲೆತ್ತುವುದು ಕಾಣುತ್ತದೆ. ಬಿಸ್ಕತ್ತಿನ ಡಬ್ಬಿಯ ತಗಡಿನಿಂದ ಶೋಧನದೀಪ ಮಾಡಿಸಿ, ಒಂದೇ ದೀಪವನ್ನು ರಾತ್ರಿ ಅಲ್ಲಲ್ಲಿ ಬೆಳಗಿಸಿ ಹತ್ತಾರು ದೀಪಗಳಿರುವಂತೆ ತೋರಿಸಿದರು. ಊರಿನ ಹುಡುಗರ ದಳವೊಂದು ಗುಂಡುಗಳ ನಡುವೆ ಪತ್ರಗಳನ್ನು ಕೊಂಡೊಯ್ಯುತ್ತಿತ್ತು. ನಂಬಿಕೆಯಿಟ್ಟು ಕೆಲಸ ವಹಿಸಿದರೆ ಬಾಲಕರೂ ದೊಡ್ಡವರಂತೆ ನಡೆದುಕೊಳ್ಳುತ್ತಾರೆಂಬುದು ಅವರಿಗೆ ಮನದಟ್ಟಾದುದು ಅಲ್ಲಿಯೇ. 217 ದಿನಗಳ ತರುವಾಯ, 1900ರ ಮೇ 17ರಂದು, ಮುತ್ತಿಗೆ ತೆರವಾಯಿತು. ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಮನೆಮಾತಾದರು. ಆದರೆ ಅದೇ ಮುತ್ತಿಗೆಯೊಳಗಿದ್ದ ಆಫ್ರಿಕದ ಜನರಿಗೆ ಬಿಳಿಯರಿಗಿಂತ ಕಡಿಮೆ ಆಹಾರ ಸಿಕ್ಕಿತು, ಅವರಲ್ಲಿ ಅನೇಕರು ಹಸಿವಿನಿಂದ ಸತ್ತರು ಎಂಬುದನ್ನೂ ನಾವು ಮರೆಮಾಚಬಾರದು.

1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಬಾಲಕರ ಶಿಬಿರ ನಡೆಯಿತು. ಸಿರಿವಂತರ ಶಾಲೆಗಳ ಹುಡುಗರೂ ದುಡಿಯುವವರ ಮಕ್ಕಳೂ ಒಂದೇ ಗುಡಾರದಲ್ಲಿ ಮಲಗಿದರು. ಅಂದಿನ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಮರುವರ್ಷ ಬಾಲಕರಿಗಾಗಿಯೇ ಬರೆದ ಅವರ ಪುಸ್ತಕ ಕಂತುಕಂತಾಗಿ ಹೊರಬಂದಿತು. ಅದನ್ನು ಕೊಂಡು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ದಳಗಳನ್ನು ಕಟ್ಟಿಕೊಂಡರು. ಸದಾ ಸಿದ್ಧರಾಗಿರಬೇಕೆಂಬುದು ಅವರ ಧ್ಯೇಯ. 1910ರಲ್ಲಿ ಬಾಲಕಿಯರಿಗೂ ಪ್ರತ್ಯೇಕ ಸಂಘ ಏರ್ಪಟ್ಟಿತು.

ಅವರು ಕಲಿಸಿದುದರಲ್ಲಿ ಬೆಲೆಬಾಳುವ ಸಾಮಗ್ರಿ ಯಾವುದೂ ಇರಲಿಲ್ಲ. ಹಗ್ಗವನ್ನೇ ನೋಡಿ. ಬಾವಿಗೆ ಬಿದ್ದವನನ್ನು ಎತ್ತಲು ಜೀರುಗುಣಿಕೆ ಹಾಕಿದರೆ ಅದು ಬಿಗಿಯುತ್ತ ಹೋಗಿ ಅವನ ಉಸಿರನ್ನೇ ಕಟ್ಟಬಹುದು. ಭಾರ ಬಿದ್ದರೂ ಜಾರದ ಕುಣಿಕೆಯನ್ನು ಬಾಲಚರನು ಕತ್ತಲಲ್ಲಿಯೂ ಹಾಕಬಲ್ಲವನಾಗಿರಬೇಕು. ಗಾಯದ ಪಟ್ಟಿಗೆ ಚಪ್ಪಟೆಯಾಗಿ ಕೂಡುವ ಬೇರೆ ಗಂಟು. ಇನ್ನು ದಿಕ್ಕು. ಇಂಗ್ಲೆಂಡಿನ ಹುಡುಗನಿಗೆ ಧ್ರುವನಕ್ಷತ್ರ ಆಕಾಶದಲ್ಲಿ ಎತ್ತರವಾಗಿ ಕಾಣುತ್ತದೆ. ನಮ್ಮ ಚೆನ್ನೈ ಅಕ್ಷಾಂಶ 13 ಡಿಗ್ರಿಯಲ್ಲಿರುವುದರಿಂದ ಅದು ಇಲ್ಲಿ ಕ್ಷಿತಿಜದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲಿದ್ದು, ಮಬ್ಬಿನಲ್ಲಿಯೂ ಕಟ್ಟಡಗಳ ಮರೆಯಲ್ಲಿಯೂ ಅಡಗಿಬಿಡುತ್ತದೆ. ನಮಗೆ ಒದಗುವುದು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು. ಅವು ಹುಟ್ಟುವುದು ಬಹುಮಟ್ಟಿಗೆ ನೇರ ಪೂರ್ವದಲ್ಲಿ, ಮುಳುಗುವುದು ನೇರ ಪಶ್ಚಿಮದಲ್ಲಿ. ಡಿಸೆಂಬರಿನ ಸಂಜೆ ಮರೀನಾ ತೀರದಲ್ಲಿ ನಿಂತರೆ ಅವು ಸಮುದ್ರದಿಂದ ಮೇಲೇರುವುದನ್ನು ನೀವೇ ನೋಡಬಹುದು.

ಇಂತಹ ವಿದ್ಯೆ ನಮ್ಮ ಮಕ್ಕಳಿಗೆ ಸುಲಭವಾಗಿ ದೊರೆಯಲಿಲ್ಲ. ಭಾರತದ ಮೊದಲ ಬಾಲಚರ ದಳ 1909ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದರೂ ಅದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ಮೀಸಲಾಗಿತ್ತು. ಭಾರತೀಯ ಹುಡುಗರು ಈ ಶಿಕ್ಷಣ ಪಡೆದರೆ ಕ್ರಾಂತಿಕಾರರಾದಾರೆಂಬ ಭಯ ಆಳುವವರಿಗೆ. ಆ ಬಾಗಿಲನ್ನು ತಳ್ಳಿ ತೆರೆದ ಊರುಗಳಲ್ಲಿ ಮದರಾಸು ಮುಖ್ಯವಾದುದು. 1917ರಲ್ಲಿ, ಎಪ್ಪತ್ತರ ಅಂಚಿನಲ್ಲಿದ್ದ ಅನಿ ಬೆಸೆಂಟರು ಅರುಂಡೇಲರೊಡನೆ ಇಲ್ಲಿ ಭಾರತೀಯ ಬಾಲಚರ ಸಂಘವನ್ನು ಸ್ಥಾಪಿಸಿದರು. ಸರಕಾರ ಅವರನ್ನು ಉದಕಮಂಡಲದಲ್ಲಿ ಬಂಧನದಲ್ಲಿಟ್ಟುದೂ ಅದೇ ವರ್ಷ. ಅವರ ಬಾಲಚರರ ತಲೆಯ ಮೇಲೆ ಟೊಪ್ಪಿಗೆಯ ಬದಲು ಪೇಟವಿತ್ತು.

1921ರಲ್ಲಿ ಬೇಡನ್ ಪೊವೆಲ್ಲರು ಮದರಾಸಿಗೆ ಬಂದರು. ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ನಡೆದ ಮೊದಲ ವಿಶ್ವಮೇಳದಲ್ಲಿ ಅವರನ್ನು ಜಗತ್ತಿನ ಬಾಲಚರರ ನಾಯಕರೆಂದು ಘೋಷಿಸಲಾಗಿತ್ತು. ಅಂತಹವರು ಪೇಟ ಧರಿಸಿದ ಈ ಹುಡುಗರನ್ನು ಕಂಡು, ಬೆಸೆಂಟರೊಡನೆ ಮಾತುಕತೆ ನಡೆಸಿ, ಅವರ ಸಂಘವನ್ನು ತಮ್ಮದರೊಡನೆ ಸೇರಿಸಿಕೊಂಡರು. ಬೆಸೆಂಟರಿಗೆ ಭಾರತದ ಗೌರವ ಕಮಿಷನರ್ ಪದವಿಯನ್ನಿತ್ತರು. ಅಪರಾಧಿಯಂತೆ ಬಂಧಿಸಲ್ಪಟ್ಟಿದ್ದ ವೃದ್ಧೆಗೆ ಸಾಮ್ರಾಜ್ಯದ ಸೇನಾನಿಯೊಬ್ಬರು ಸಲ್ಲಿಸಿದ ಈ ಮನ್ನಣೆ ಅವರ ಜೀವನದ ಒಳ್ಳೆಯ ಕಾರ್ಯಗಳಲ್ಲೊಂದೆಂದು ನಾವು ಎಣಿಸುತ್ತೇವೆ. 1937ರಲ್ಲಿ ದೆಹಲಿಯ ಮೇಳಕ್ಕೆ ಬಂದುಹೋದ ಮೇಲೆ ಭಾರತೀಯರ ಬಗ್ಗೆ ಅವರಾಡಿದ ಮಾತು ಅನೇಕರ ಮನಸ್ಸನ್ನು ನೋಯಿಸಿತು. ಹಲವರು ಬೇರ್ಪಟ್ಟು ಹೊಸ ಸಂಘ ಕಟ್ಟಿದರು. ಒಡೆದುದು ಮತ್ತೆ ಕೂಡಿದುದು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಹೆಸರಿನಲ್ಲಿ.

ಅದನ್ನು ಕಾಣಲು ಬೇಡನ್ ಪೊವೆಲ್ಲರು ಉಳಿದಿರಲಿಲ್ಲ. ಕೊನೆಯ ವರ್ಷಗಳನ್ನು ಅವರು ಪೂರ್ವ ಆಫ್ರಿಕದ ಕೀನ್ಯ ದೇಶದ ನ್ಯೇರಿ ಎಂಬ ಊರಿನಲ್ಲಿ, ಒಂದು ಚಿಕ್ಕ ಮನೆಯಲ್ಲಿ, ಕಾಡುಪ್ರಾಣಿಗಳ ಚಿತ್ರ ಬರೆಯುತ್ತ ಕಳೆದರು. 1941ರ ಜನವರಿ 8ರಂದು ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆಯನ್ನು ಕೆತ್ತಲಾಗಿದೆ. ಕಾಡಿನ ದಾರಿಯಲ್ಲಿ ಮುಂದೆ ಹೋದ ಬಾಲಚರನು ಹಿಂದೆ ಬರುವವರಿಗಾಗಿ ನೆಲದ ಮೇಲೆ ಬರೆದಿಡುವ ಗುರುತು ಅದು: ತಾನು ಮನೆಗೆ ಹೋಗಿದ್ದೇನೆಂದು ಅದರ ಅರ್ಥ.