ಫೋಲಿಕ್ ಮಾತ್ರೆಯ ಹಿಂದಿನ ಮನುಷ್ಯ ಯಲ್ಲಾಪ್ರಗಡ ಸುಬ್ಬರಾವ್

ಉಡುಮಲೈಪೇಟೆ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬಸುರಿಯರಿಗೆ ಗ್ರಾಮ ಆರೋಗ್ಯ ದಾದಿ ಕೊಡುವ ಮಾತ್ರೆ ಎಲ್ಲರಿಗೂ ಪರಿಚಿತ. ಅದರಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇರುತ್ತದೆ. ಈ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ನಡೆಸಿದವರು ಮದರಾಸಿನಲ್ಲಿ ಓದಿದ ಒಬ್ಬ ತೆಲುಗು ವೈದ್ಯರು. ಔಷಧ ಮನೆಮನೆ ತಲುಪಿತು, ಹೆಸರು ಮಾತ್ರ ತಲುಪಲಿಲ್ಲ.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಭೀಮವರಂನಲ್ಲಿ. ಆಗ ಅದೂ ನಮ್ಮ ಕೊಯಮತ್ತೂರಿನಂತೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೆಟ್ರಿಕ್ ಪಾಸಾಗಲು ಮೂರು ಸಲ ಕೂರಬೇಕಾಯಿತು. ಮದರಾಸು ಮೆಡಿಕಲ್ ಕಾಲೇಜಿನಲ್ಲಿದ್ದಾಗ ಗಾಂಧೀಜಿ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರೊಫೆಸರಿಗೆ ಅದು ಹಿಡಿಸಲಿಲ್ಲ. ಎಂಬಿಬಿಎಸ್ ತಪ್ಪಿತು, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದರು.

ಅಷ್ಟರಲ್ಲಿ ಸ್ಪ್ರೂ ಎಂಬ ಬೇನೆ ಮನೆಗೆ ನುಗ್ಗಿತು. ಬೇಧಿ ನಿಲ್ಲದು, ಉಂಡದ್ದು ಮೈಗೆ ಹತ್ತದು, ರಕ್ತ ಒಣಗುತ್ತದೆ. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ತೀರಿಕೊಂಡರು. ವೈದ್ಯನಾಗಿದ್ದೂ ಉಳಿಸಿಕೊಳ್ಳಲಾಗದ ಆ ಸಂಕಟ ಅವರನ್ನು ಕೊನೆತನಕ ಬಿಡಲಿಲ್ಲವೆಂದೇ ತೋರುತ್ತದೆ.

1920ರ ದಶಕದ ಆರಂಭದಲ್ಲಿ ಮಾವ ಹೊಂದಿಸಿದ ಹಣ, ಒಂದು ಧರ್ಮಸಂಸ್ಥೆಯ ನೆರವು ನಂಬಿ ಹಡಗು ಹತ್ತಿದರು. ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಬೋಸ್ಟನ್‌ನಲ್ಲಿ ಹೊಟ್ಟೆಪಾಡಿಗೆ ಸಿಕ್ಕಿದ್ದು ಆಸ್ಪತ್ರೆಯ ರಾತ್ರಿ ಪಾಳಿ ಕೆಲಸ: ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದು. ಕೀಳೆಂದು ಹಲವರು ಮೂಗು ಮುಚ್ಚುವ ಆ ಕೆಲಸ ಶುಶ್ರೂಷೆಯ ಮೊದಲ ಪಾಠವೂ ಹೌದು.

ಹಗಲು ಹಾರ್ವರ್ಡ್ ಪ್ರಯೋಗಾಲಯ. ಸೈರಸ್ ಫಿಸ್ಕ್ ಜೊತೆ 1925ರಲ್ಲಿ ರಂಜಕ ಅಳೆಯುವ ವಿಧಾನ ಪ್ರಕಟಿಸಿದರು. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯನ್ನು 1929ರಲ್ಲಿ ಗುರುತಿಸಿದರು. ಆದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು.

1945ರಲ್ಲಿ ಅವರ ತಂಡ ಫೋಲಿಕ್ ಆಮ್ಲ ತಯಾರಿಸಿತು. ಬೆನ್ನಿಗೇ ಟಾಮ್ ಸ್ಪೀಸ್ ಎಂಬ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟರು, ಅವರು ಚೇತರಿಸಿಕೊಂಡರು. ಸಹೋದರರ ಬೇನೆಗೆ ಮದ್ದು ಸಿಕ್ಕಿತು, ಇಪ್ಪತ್ತು ವರ್ಷಕ್ಕೂ ಹೆಚ್ಚು ತಡವಾಗಿ. ಆನೆಕಾಲು ರೋಗದ ಹೆಟ್ರಜಾನ್, ರಕ್ತದ ಕ್ಯಾನ್ಸರಿನ ಮೊದಲ ಔಷಧಗಳೂ ಅವರ ತಂಡದವೇ.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಅಮೆರಿಕದ ಪೌರತ್ವ ಪಡೆದಿರಲಿಲ್ಲ, ಭಾರತಕ್ಕೂ ಮರಳಿರಲಿಲ್ಲ. ಶೇಷಗಿರಿಯವರು ಮತ್ತೆ ಗಂಡನ ಮುಖ ನೋಡಲೇ ಇಲ್ಲ. 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಚೀಟಿ ಹೊರತಂದಿತು.

ಆ ಮಾತ್ರೆಯ ಇನ್ನೊಂದು ದೊಡ್ಡ ಉಪಯೋಗ ಅವರಿಗೆ ತಿಳಿಯಲೇ ಇಲ್ಲ. ಕೆಲವು ಮಕ್ಕಳು ಬೆನ್ನುಮೂಳೆ ಪೂರ್ತಿ ಮುಚ್ಚದೆ, ಬೆನ್ನ ಮೇಲೆ ನೀರು ತುಂಬಿದ ಚೀಲದಂಥ ಗಂಟಿನೊಂದಿಗೆ ಹುಟ್ಟುತ್ತವೆ. ಇದು ಸ್ಪೈನಾ ಬೈಫಿಡಾ. ನಮ್ಮಲ್ಲಿ ಇದನ್ನು ಗ್ರಹಣದ ದೋಷ ಎನ್ನುವವರುಂಟು, ತಾಯಿಯನ್ನು ದೂರುವವರೂ ಉಂಟು. 1965ರಲ್ಲಿ ಹಿಬ್ಬರ್ಡ್ ಮತ್ತು ಸ್ಮಿಥೆಲ್ಸ್ ಎಂಬ ಇಂಗ್ಲಿಷ್ ವೈದ್ಯರು ಫೋಲಿಕ್ ಕೊರತೆಯ ಮೇಲೆ ಅನುಮಾನಪಟ್ಟರು. 1991ರಲ್ಲಿ ಏಳು ದೇಶಗಳ ಅಧ್ಯಯನ ಅದನ್ನು ಸಾಬೀತು ಮಾಡಿತು: ಒಮ್ಮೆ ಇಂಥ ಮಗು ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಸೇವಿಸಿದರೆ, ದೋಷ ಮರುಕಳಿಸುವ ಅಪಾಯ ಶೇ. 72ರಷ್ಟು ಇಳಿಯಿತು.

ಮಾತ್ರೆ ತಿಂದರೂ ಎಲ್ಲ ಮಕ್ಕಳೂ ಪಾರಾಗುವುದಿಲ್ಲ. ಇಂಥ ಮಗು ಹುಟ್ಟಿದ ಮೊದಲ ಗಂಟೆಗಳಲ್ಲಿ ದಾದಿಯ ಕೈ ದೊಡ್ಡದು. ಬೋರಲು ಅಥವಾ ಮಗ್ಗುಲಿಗೆ ಮಲಗಿಸಬೇಕು, ಚೀಲಕ್ಕೆ ಭಾರ ಬೀಳಬಾರದು. ಸಲೈನ್‌ನಲ್ಲಿ ನೆನೆಸಿದ ಸ್ಟೆರೈಲ್ ಬಟ್ಟೆ ಹೊದಿಸಿ ಒಣಗದಂತೆ ನೋಡಬೇಕು. ರಬ್ಬರ್ ಕೈಗವಸು ಬೇಡ, ಈ ಮಕ್ಕಳಿಗೆ ಅದರ ಅಲರ್ಜಿ ಹೆಚ್ಚು. ತಲೆಯ ಸುತ್ತಳತೆ ದಿನವೂ ಅಳೆಯಬೇಕು, ಮಿದುಳಿನಲ್ಲಿ ನೀರು ತುಂಬುವುದುಂಟು. ಅರಿಶಿನ, ಬೂದಿ ಹಚ್ಚುವ ಅಜ್ಜಿಯರನ್ನು ಸಮಾಧಾನದಿಂದ ತಡೆಯುವುದೂ ಅವಳ ಪಾಲಿನ ಕೆಲಸವೇ. ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಆಪರೇಷನ್ ಮಾಡುತ್ತಾರೆ.

ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ಕಟ್ಟಿದ 28 ದಿನದೊಳಗೆ. ದಾದಿಯ ಪುಸ್ತಕದಲ್ಲಿ ಹೆಸರು ಬರೆಸುವ ಹೊತ್ತಿಗೆ ಅದು ಮುಗಿದಿರುತ್ತದೆ. ಹಾಗಾಗಿ ಮಗು ಬೇಕೆಂದುಕೊಂಡವರು ಬಸುರಿಗೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಬೇಕು. ಮೊದಲ ಮಗುವಿಗೆ ದೋಷವಿದ್ದವರಿಗೆ ಆ ಪ್ರಮಾಣ ಸಾಲದು, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.