ಡೇಗೆಯ ಬೇಟೆಯ ಚಕ್ರವರ್ತಿ ಎರಡನೆಯ ಫ್ರೆಡರಿಕ್

ನಮ್ಮ ಪ್ರಾಚೀನ ರಾಜನೀತಿ ಗ್ರಂಥಗಳು ಮೃಗಯೆಯನ್ನು ಜೂಜು, ಮದ್ಯಪಾನಗಳ ಸಾಲಿನಲ್ಲಿಯೇ ಇರಿಸಿ ಅರಸನಿಗೆ ಒದಗುವ ವ್ಯಸನಗಳಲ್ಲಿ ಒಂದೆಂದು ಎಣಿಸಿವೆ. ಆದರೂ ಬೇಟೆಯಾಡದ ಅರಸರು ವಿರಳ. ಹಾಗಾದರೆ ಯಾವ ಬೇಟೆ ವ್ಯಸನ, ಯಾವುದು ವಿನೋದ, ಯಾವುದು ವಿದ್ಯೆ? ಈ ಪ್ರಶ್ನೆಯನ್ನು ಜೀವನಪರ್ಯಂತ ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕೆ ಉತ್ತರವೆಂಬಂತೆ ಒಂದು ಮಹಾಗ್ರಂಥವನ್ನೇ ರಚಿಸಿದವನು ಯುರೋಪಿನ ಚಕ್ರವರ್ತಿ ಎರಡನೆಯ ಫ್ರೆಡರಿಕ್. ಅವನ ಬದುಕನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಫ್ರೆಡರಿಕ್ ಜನಿಸಿದ್ದು 1194ರ ಡಿಸೆಂಬರ್ 26ರಂದು, ಇಟಲಿಯ ಅಂಕೋನಾ ನಗರದ ಸಮೀಪದ ಯೇಸಿ ಎಂಬ ಊರಿನಲ್ಲಿ. ತಂದೆ ಜರ್ಮನಿಯ ಹೋಹೆನ್‌ಸ್ಟೌಫೆನ್ ಮನೆತನದ ಚಕ್ರವರ್ತಿ ಆರನೆಯ ಹೆನ್ರಿ. ತಾಯಿ ಸಿಸಿಲಿಯ ರಾಜಪುತ್ರಿ ಕಾನ್‌ಸ್ಟನ್ಸ್. 1197ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಮೂರು ವರ್ಷದ ಕೂಸಿಗೆ ಸಿಸಿಲಿಯ ಕಿರೀಟ ತೊಡಿಸಿದ ತಾಯಿಯೂ ಅದೇ ವರ್ಷ ಕಣ್ಮುಚ್ಚಿದಳು. ಅನಾಥ ಬಾಲಕನ ಪೋಷಕತ್ವ ಪೋಪ್ ಮೂರನೆಯ ಇನ್ನೊಸೆಂಟ್‌ನ ಪಾಲಿಗೆ ಬಂದಿತು. ಲ್ಯಾಟಿನ್, ಗ್ರೀಕ್, ಅರಬ್ಬೀ ಮೂರೂ ಭಾಷೆಗಳು ಬೀದಿಯಲ್ಲಿ ಕೇಳಿಬರುತ್ತಿದ್ದ ಪಲೆರ್ಮೊ ನಗರದಲ್ಲಿ ಅವನು ಬೆಳೆದನು. ಅನ್ಯರಿಂದ ಕಲಿಯಲು ಹಿಂಜರಿಯದ ಸ್ವಭಾವ ಅವನಿಗೆ ಒಲಿದದ್ದು ಈ ನೆಲದಲ್ಲಿಯೇ ಎಂದು ನಾವು ಭಾವಿಸಬಹುದು. 1215ರಲ್ಲಿ ಆಹೆನ್ ನಗರದಲ್ಲಿ ಜರ್ಮನಿಯ ರಾಜನಾಗಿ, 1220ರಲ್ಲಿ ರೋಮಿನಲ್ಲಿ ಚಕ್ರವರ್ತಿಯಾಗಿ ಅವನ ಅಭಿಷೇಕಗಳು ನಡೆದವು.

ಅವನಿಗೆ ಪ್ರಾಣಕ್ಕಿಂತ ಪ್ರಿಯವಾಗಿದ್ದುದು ಗಿಡುಗ, ಡೇಗೆಗಳಂತಹ ಬೇಟೆಯ ಹಕ್ಕಿಗಳನ್ನು ಪಳಗಿಸಿ ಆಕಾಶದಲ್ಲಿ ಬೇಟೆಯಾಡಿಸುವ ಕಲೆ. ಇದರ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ನಾಯಿಯನ್ನು ಗದರಿಸಿ ಕಲಿಸಬಹುದು. ಡೇಗೆಯನ್ನು ಗದರಿಸಿದರೆ ಅದು ಮನುಷ್ಯನನ್ನು ಇನ್ನಷ್ಟು ದ್ವೇಷಿಸುತ್ತದೆಯೇ ಹೊರತು ಕಲಿಯುವುದಿಲ್ಲ. ಹಿಡಿದು ತಂದ ಹಕ್ಕಿಯ ಕಾಲಿಗೆ ತೊಗಲಿನ ಪಟ್ಟಿಯನ್ನೂ ಗೆಜ್ಜೆಯನ್ನೂ ಕಟ್ಟಿ, ಕೈಗವಸು ತೊಟ್ಟ ಮುಷ್ಟಿಯ ಮೇಲೆ ಹಗಲಿರುಳು ಹೊತ್ತು, ಕೈಯಿಂದಲೇ ಮಾಂಸ ತಿನ್ನಿಸಿ, ಮನುಷ್ಯನ ಮುಖಕ್ಕೂ ಧ್ವನಿಗೂ ಮೆಲ್ಲಮೆಲ್ಲನೆ ಒಗ್ಗಿಸಬೇಕು. ಹೀಗೆ ಪಳಗಿದ ಮೇಲೂ ಬೇಟೆಗೆ ಬಿಟ್ಟ ಕ್ಷಣದಲ್ಲಿ ಅದು ಸಂಪೂರ್ಣ ಸ್ವತಂತ್ರ. ಬಯಸಿದರೆ ಹಾರಿಹೋಗಬಹುದು, ಮರಳಿ ಬಂದರೆ ಅದು ಅಭ್ಯಾಸದಿಂದ, ವಿಶ್ವಾಸದಿಂದ.

ಫ್ರೆಡರಿಕ್‌ನ ವಾದದ ತಿರುಳು ಇದೇ. ಬಲೆ, ಉರುಲು, ಬಾಣಗಳಿಂದ ಪ್ರಾಣಿಯನ್ನು ಕೆಡಹುವುದು ಉಪಕರಣದ ಬಲ. ನಾಯಿ, ಚಿರತೆಗಳನ್ನು ಛೂ ಬಿಡುವುದು ಸುಲಭವಾಗಿ ಪಳಗುವ ಮೃಗಗಳ ಬಲ. ಮನುಷ್ಯನಿಂದ ದೂರ ಓಡುವುದೇ ಸ್ವಭಾವವಾದ ಹಕ್ಕಿಯನ್ನು ಕೇವಲ ಜಾಣ್ಮೆಯಿಂದ ಒಲಿಸಿಕೊಳ್ಳುವುದು ಇವೆಲ್ಲಕ್ಕಿಂತ ಕಠಿಣ, ಆದ್ದರಿಂದಲೇ ಶ್ರೇಷ್ಠ ಎಂಬುದು ಅವನ ನಿಲುವು. ನಾಲಿಗೆಯ ಚಪಲಕ್ಕಾಗಿ ಇಲ್ಲವೇ ಲಾಭಕ್ಕಾಗಿ ಹಕ್ಕಿ ಹಾರಿಸುವವರನ್ನು ಅವನು ನಿಜವಾದ ಕಲಾವಿದರೆಂದು ಒಪ್ಪಲಿಲ್ಲ. ಎಷ್ಟು ಬೇಟೆ ಬಿದ್ದಿತೆಂಬುದಕ್ಕಿಂತ ಹಕ್ಕಿ ಎಷ್ಟು ಚೆನ್ನಾಗಿ ತಯಾರಾಯಿತೆಂಬುದೇ ಅವನಿಗೆ ಮುಖ್ಯ. ಡೇಗೆಗಾರನು ಕುಡುಕನಾಗಿರಬಾರದು, ಹೊಟ್ಟೆಬಾಕನಾಗಿರಬಾರದು, ಮುಂಗೋಪಿಯಾಗಿರಬಾರದು. ರಾತ್ರಿ ಗೆಜ್ಜೆಯ ಸದ್ದಿಗೆ ಎಚ್ಚರಗೊಳ್ಳುವಷ್ಟು ಹಗುರ ನಿದ್ರೆಯವನಾಗಿರಬೇಕು. ನೀರಿನಾಚೆ ಬಿದ್ದ ಹಕ್ಕಿಯ ನೆರವಿಗೆ ಹೋಗಲು ಈಜು ಬಲ್ಲವನಾಗಿರಬೇಕು ಎಂದು ಅವನು ವಿಧಿಸಿದನು. ಅಂದರೆ ಹಕ್ಕಿಯನ್ನು ಪಳಗಿಸುವವನು ಮೊದಲು ತನ್ನನ್ನು ತಾನೇ ಪಳಗಿಸಿಕೊಳ್ಳಬೇಕು.

ಈ ಅಭಿಪ್ರಾಯವನ್ನು ಎಲ್ಲರೂ ಒಪ್ಪಿದರೆಂದಲ್ಲ. ಅವನಿಗಿಂತ ಮುಂಚೆಯೇ, 1159ರಲ್ಲಿ, ಇಂಗ್ಲೆಂಡಿನ ವಿದ್ವಾಂಸ ಸಾಲಿಸ್‌ಬರಿಯ ಜಾನ್ ತನ್ನ ಗ್ರಂಥದಲ್ಲಿ ಬೇಟೆಯ ಹುಚ್ಚನ್ನು ಆಸ್ಥಾನಿಕರ ಕ್ಷುಲ್ಲಕತನವೆಂದು ಕಟುವಾಗಿ ಟೀಕಿಸಿದ್ದನು. ಫ್ರೆಡರಿಕ್‌ನ ಪೋಷಕನಾಗಿದ್ದ ಇನ್ನೊಸೆಂಟ್‌ನೇ 1215ರಲ್ಲಿ ಕರೆದ ಲ್ಯಾಟರನ್ ಧರ್ಮಸಭೆಯು, ಪಾದ್ರಿಗಳು ಬೇಟೆಯಾಡುವುದನ್ನೂ ಅದಕ್ಕಾಗಿ ನಾಯಿ, ಹಕ್ಕಿಗಳನ್ನು ಸಾಕುವುದನ್ನೂ ನಿಷೇಧಿಸಿತು. ಇನ್ನು ಹೊಟ್ಟೆಪಾಡಿಗಾಗಿ ಬಲೆ ಬೀಸುವ ಬಡ ಬೇಡನ ದೃಷ್ಟಿಯಿಂದ ನೋಡಿದರೆ, ಉಪಯೋಗಕ್ಕಲ್ಲದೆ ಸೊಗಸಿಗಾಗಿ ಕೊಲ್ಲುವುದೇ ಹೆಚ್ಚು ಶ್ರೇಷ್ಠವೆಂಬ ಮಾತು ವಿಚಿತ್ರವಾಗಿಯೇ ಕಾಣಬೇಕು. ಫ್ರೆಡರಿಕ್‌ನ ಗ್ರಂಥದ ನಾಲ್ಕನೆಯ ಭಾಗವು ಕ್ರೌಂಚಪಕ್ಷಿಗಳ ಬೇಟೆಯನ್ನು ಕುರಿತದ್ದು. ಕ್ರೌಂಚವಧೆಯ ಶೋಕದಿಂದಲೇ ಆದಿಕಾವ್ಯ ಹುಟ್ಟಿತೆಂದು ನಂಬಿದ ನಾಡಿನವರಾದ ನಾವು ಆ ಪುಟಗಳನ್ನು ನಿರ್ಲಿಪ್ತರಾಗಿ ನೆನೆಯಲಾರೆವು. ಹೊಸದಾಗಿ ಹಿಡಿದ ಡೇಗೆಯ ರೆಪ್ಪೆಗಳನ್ನು ದಾರದಿಂದ ಹೊಲಿದು, ಅದು ಪಳಗಿದಂತೆಲ್ಲ ಸ್ವಲ್ಪ ಸ್ವಲ್ಪವೇ ಬೆಳಕು ಕಾಣಿಸುವ ಅಂದಿನ ಪದ್ಧತಿಯನ್ನೂ ಅವನು ವಿವರವಾಗಿ ಬರೆದಿದ್ದಾನೆ. ವಿಶ್ವಾಸದ ಕಲೆಯ ಆರಂಭದಲ್ಲಿಯೇ ಇಂತಹ ಹಿಂಸೆ ಇತ್ತೆಂಬುದನ್ನು ಮರೆಯಲಾಗದು.

1227ರಲ್ಲಿ ಧರ್ಮಯುದ್ಧಕ್ಕೆ ಹೊರಟ ಚಕ್ರವರ್ತಿ ಕಾಯಿಲೆಯಿಂದ ಹಿಂದಿರುಗಿದಾಗ ಪೋಪ್ ಒಂಬತ್ತನೆಯ ಗ್ರೆಗೊರಿ ಅವನಿಗೆ ಬಹಿಷ್ಕಾರ ಹಾಕಿದನು. ಬಹಿಷ್ಕೃತನಾಗಿಯೇ ಮರುವರ್ಷ ಪೂರ್ವದೇಶಕ್ಕೆ ತೆರಳಿದ ಫ್ರೆಡರಿಕ್, 1229ರಲ್ಲಿ ಈಜಿಪ್ಟಿನ ಸುಲ್ತಾನ ಅಲ್ ಕಾಮಿಲ್‌ನೊಡನೆ ಒಪ್ಪಂದ ಮಾಡಿಕೊಂಡು ಯುದ್ಧವಿಲ್ಲದೆಯೇ ಜೆರುಸಲೇಮನ್ನು ಪಡೆದನು. ಡೇಗೆಯ ತಲೆಗೆ ಕುಲಾವಿ ತೊಡಿಸಿ ಶಾಂತವಾಗಿಡುವ ಕ್ರಮವನ್ನು ಅವನು ಅರಬರಿಂದ ಕಲಿತು ತನ್ನಲ್ಲಿ ಬಳಕೆಗೆ ತಂದನು. ಅರಬ್ಬೀ ಡೇಗೆಶಾಸ್ತ್ರದ ಗ್ರಂಥವೊಂದನ್ನು ಲ್ಯಾಟಿನ್ನಿಗೆ ಅನುವಾದಿಸಲು ಆಸ್ಥಾನದ ಪಂಡಿತನಾದ ಅಂತಿಯೋಕದ ಥಿಯೋಡೋರನನ್ನು ನೇಮಿಸಿದನು.

ಬೇಟೆಯ ಹಂಬಲ ಅವನನ್ನು ಪಕ್ಷಿವಿಜ್ಞಾನಿಯನ್ನಾಗಿಯೂ ಮಾಡಿತು. ಅರಿಸ್ಟಾಟಲ್‌ನ ಮಾತನ್ನು ವೇದವಾಕ್ಯವೆಂದು ನಂಬಿದ್ದ ಕಾಲದಲ್ಲಿ, ಆ ತತ್ತ್ವಜ್ಞಾನಿ ಹಕ್ಕಿಬೇಟೆಯನ್ನು ಸ್ವತಃ ಮಾಡಿದವನಲ್ಲವಾದ್ದರಿಂದ ಹಲವೆಡೆ ತಪ್ಪಿದ್ದಾನೆಂದು ಬರೆಯುವ ಧೈರ್ಯ ಅವನಿಗಿತ್ತು. ರಣಹದ್ದುಗಳು ಮಾಂಸವನ್ನು ವಾಸನೆಯಿಂದ ಕಂಡುಕೊಳ್ಳುವುದಿಲ್ಲವೆಂಬುದನ್ನು ಅವುಗಳ ಕಣ್ಣು ಮುಚ್ಚಿ ಪರೀಕ್ಷಿಸಿದನು. ಒಂದು ಬಗೆಯ ಬಾತು ಹಡಗಿನ ಕೊಳೆತ ಮರದಲ್ಲಿ ಹುಟ್ಟುತ್ತದೆಂಬ ಪ್ರತೀತಿಯಿತ್ತು. ಉತ್ತರದೇಶದಿಂದ ಅಂತಹ ಮರವನ್ನೇ ತರಿಸಿ ನೋಡಿ, ಅದರಲ್ಲಿ ಹಕ್ಕಿಯ ಸುಳಿವೇ ಇಲ್ಲವೆಂದು ಆ ನಂಬಿಕೆಯನ್ನು ತಳ್ಳಿಹಾಕಿದನು.

ಇಂತಹ ವಿವೇಕಿಗೂ ವ್ಯಸನ ಬೆನ್ನು ಬಿಡಲಿಲ್ಲ. 1245ರ ಲಿಯೋನ್ ಧರ್ಮಸಭೆ ಅವನನ್ನು ಪದಚ್ಯುತನೆಂದು ಸಾರಿತ್ತು. ತನ್ನನ್ನು ಬಿಟ್ಟು ಶತ್ರುಪಕ್ಷ ಸೇರಿದ ಪಾರ್ಮಾ ನಗರಕ್ಕೆ 1247ರಲ್ಲಿ ಮುತ್ತಿಗೆ ಹಾಕಿ, ಎದುರಿಗೇ ವಿಕ್ಟೋರಿಯಾ, ಅಂದರೆ ವಿಜಯ, ಎಂಬ ಹೆಸರಿನ ಶಿಬಿರನಗರವನ್ನು ಕಟ್ಟಿಸಿದನು. 1248ರ ಫೆಬ್ರವರಿ 18ರಂದು ಚಕ್ರವರ್ತಿ ಡೇಗೆಗಳೊಡನೆ ಬೇಟೆಗೆ ಹೋಗಿದ್ದಾಗ ಪಾರ್ಮಾದ ಜನರು ಹೊರನುಗ್ಗಿ ಶಿಬಿರವನ್ನು ಸುಟ್ಟು ಬೊಕ್ಕಸವನ್ನು ದೋಚಿದರು. ಅವನ ಡೇಗೆಗ್ರಂಥದ ಅಮೂಲ್ಯ ಪ್ರತಿಯೂ ಆ ಲೂಟಿಯಲ್ಲಿ ಕೈತಪ್ಪಿತು. ಮೃಗಯೆಯನ್ನು ವ್ಯಸನವೆಂದ ನಮ್ಮ ನೀತಿಕಾರರಿಗೆ ಇದಕ್ಕಿಂತ ಉತ್ತಮ ದೃಷ್ಟಾಂತ ಬೇಕಿರಲಿಲ್ಲ. ಆ ಹೊಡೆತದಿಂದ ಅವನು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. 1250ರ ಡಿಸೆಂಬರ್ 13ರಂದು ಅಪುಲಿಯಾದಲ್ಲಿ ಮರಣ ಹೊಂದಿದನು. ಪಲೆರ್ಮೊದ ಪ್ರಧಾನ ಇಗರ್ಜಿಯಲ್ಲಿ ಅವನ ಸಮಾಧಿಯಿದೆ. ಅವನ ಗ್ರಂಥವನ್ನು ಮಗ ಮ್ಯಾನ್‌ಫ್ರೆಡ್ ಮತ್ತೆ ಸಂಪಾದಿಸಿದನು. ನೂರಾರು ಹಕ್ಕಿಗಳ ವರ್ಣಚಿತ್ರಗಳುಳ್ಳ ಆ ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿದೆ.

ಕನ್ನಡಿಗರಾದ ನಮಗೆ ಈ ವಿದ್ಯೆ ಪರಕೀಯವಲ್ಲ. ಫ್ರೆಡರಿಕ್‌ಗಿಂತ ಒಂದು ಶತಮಾನ ಮುಂಚೆಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ವಿಶ್ವಕೋಶ ಮಾನಸೋಲ್ಲಾಸದಲ್ಲಿ ಶ್ಯೇನವಿನೋದವನ್ನು ರಾಜನ ವಿನೋದಗಳ ಸಾಲಿಗೆ ಸೇರಿಸಿದ್ದನು. ವಿಜಯನಗರವನ್ನಾಳಿದ ಸಾಳುವ ವಂಶದ ಹೆಸರಿನಲ್ಲಿಯೂ ಗಿಡುಗವೇ ಇದೆ.

ಇಂದು ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡಿನ ಡೇಗೆಯನ್ನು ಹಿಡಿಯಲು ಅವಕಾಶ ಕೊಡುವುದಿಲ್ಲ. ಅದು ಉಚಿತವೇ ಆಗಿದೆ. ಆದರೆ ಈ ಕಲೆಗೆ ಮತ್ತೊಂದು ಮುಖವೂ ಉಂಟು. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅಮೆರಿಕದಲ್ಲಿ ಪೆರೆಗ್ರಿನ್ ಡೇಗೆ ಅಳಿವಿನ ಅಂಚಿಗೆ ಬಂದಾಗ, ಸ್ವತಃ ಡೇಗೆಗಾರನಾಗಿದ್ದ ವಿಜ್ಞಾನಿ ಟಾಮ್ ಕೇಡ್ 1970ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಸಂಗಡಿಗರೊಡನೆ ಮರಿಗಳನ್ನು ಸಾಕಿ ಮತ್ತೆ ಬಾನಿಗೆ ಬಿಟ್ಟನು. 1999ರಲ್ಲಿ ಆ ಹಕ್ಕಿ ಅಲ್ಲಿನ ಅಪಾಯದಂಚಿನ ಪಟ್ಟಿಯಿಂದ ಹೊರಬಂದಿತು. ಕೊಲ್ಲಲೆಂದು ಕಲಿತ ವಿದ್ಯೆ ಹೀಗೆ ಕಾಯಲು ಒದಗಿತು. ಫ್ರೆಡರಿಕ್‌ನ ಬೇಟೆಯನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಹಕ್ಕಿಯನ್ನು ಇದ್ದಂತೆಯೇ ಕಣ್ಣಾರೆ ನೋಡಬೇಕೆಂದ ಅವನ ತಾಳ್ಮೆಯನ್ನು ಗೌರವಿಸದಿರಲಾರೆವು.